ಗುಲಾಬಿ ಬಣ್ಣದ ಬಿಳಿ ವ್ಯಾನು

ನಮ್ಮ ಬಾನ್ ಪೋಂಗ್ ಹಳ್ಳಿಯ ಸಮ್ರಿತ್ ಹುಟ್ಟಿದ್ದು ಬೌದ್ಧ ಶಕ ೨೫೦೮ರ, ಅಂದರೆ ಕ್ರಿ.ಶ. ೧೯೬೫ರ, ಜನವರಿ ಐದರಂದು, ಮಂಗಳವಾರ. ಆರನೆಯ ತಾರೀಖು ಎನ್ನುವವರಿದ್ದಾರೆ. ಅದು ತಪ್ಪು, ಆರನೆಯ ತಾರೀಖು ಬುಧವಾರ. ಈ ವ್ಯತ್ಯಾಸ ಕ್ಷುಲ್ಲಕವೆಂದು ಯಾರೂ ಭಾವಿಸಬಾರದು. ಮಂಗಳವಾರ ಹುಟ್ಟಿದವರಿಗೆ ಬಿಳಿ ಬಣ್ಣ ಆಗಿಬರುವುದಿಲ್ಲ, ಗುಲಾಬಿಯೇ ಶುಭ. ಸಮ್ರಿತ್‌ನ ವ್ಯಾನೋ ಅಚ್ಚ ಬಿಳಿ. ಜೋಯಿಸರು ನನ್ನೆದುರಿಗೇ ಎಂದಿನ ಪರಿಹಾರವನ್ನು ಸೂಚಿಸಿದರು. 'ಈ ವಾಹನ ಗುಲಾಬಿ ಬಣ್ಣದ್ದು' ಎಂಬ ಸ್ಟಿಕ್ಕರನ್ನು ಹಿಂದಿನ ಗಾಜಿಗೆ ಅಂಟಿಸಿದ ಕ್ಷಣದಿಂದ ವ್ಯಾನು ಗುಲಾಬಿಯಾಯಿತು. ಆ ಬಗ್ಗೆ ಊರಿನಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಸಂಶಯವಿದ್ದದ್ದು ಸಮ್ರಿತ್‌ನ ಬಗ್ಗೆ, ಅದೂ ಅವನ ಅತ್ತೆ ಖಮ್‌ಪನ್‌ಗೆ. ೨೫೩೭ರ ಫೆಬ್ರವರಿ ಹನ್ನೆರಡರಂದು, ತನ್ನ ಮದುವೆಯ ದಿನ, ಅವನು ಅತ್ತೆಯನ್ನು ಮೂರು ಚಕ್ರದ ಗಾಡಿಯಲ್ಲಿ ಕೂರಿಸಿಕೊಂಡು ಬಂದು ಆಕೆಯ ಅಂಗಳದ ಮೀನಿನ ಕೊಳಕ್ಕೇ ಇಳಿಸಿದ್ದ. ನಮ್ಮ ಕಡೆ ಅಳಿಯನಾದವನು ಅತ್ತೆಮನೆಯಲ್ಲೇ ನೆಲೆಸುತ್ತಾನೆ; ಅತ್ತೆ ಅವನನ್ನು 'ಮಗ' ಎಂದು ಕರೆಯುತ್ತಾಳೆ. ಖಮ್‌ಪನ್ ಮಾತ್ರ ಒಂದೇ ಸೂರಿನಡಿ ಇದ್ದುಕೊಂಡೂ ಮಗಳ ಹೆಸರು ಹಿಡಿದು 'ಫಿಕುನ್ ಗಂಡ' ಎನ್ನುತ್ತಿದ್ದಳು. ಅವನು ನಡೆಸುವ ಯಾವ ವಾಹನವನ್ನೂ ಹತ್ತಲಿಲ್ಲ.

ಎಂಬತ್ತು ಸಮೀಪಿಸಿದಾಗ ಆಕೆಗೆ ಸಮುದ್ರ ನೋಡುವ ಆಸೆ ಹುಟ್ಟಿತು. ಬೇರೆ ಚಾಲಕ ಸಿಗಲಿಲ್ಲ.

"ನನ್ನ ಒಂದು ಮೂಳೆನೂ ಮುರೀದಂಗೆ ಮನೆ ಬಾಗಿಲಿಗೆ ತಂದು ಬಿಟ್ರೆ ಮಗ ಅಂತೀನಿ. ಆದ್ರೆ ಗಾಡಿ ಕೊನೇವರೆಗೂ ಗುಲಾಬಿಯಾಗೇ ಇರ್ಬೇಕು," ಎಂದಳು. ಈ ಕರಾರಿಗೆ ಸಾಕ್ಷಿಯಾಗಿ ನೆರೆಮನೆಯ ಶಾಲಾ ಮೇಷ್ಟ್ರಾದ ನನ್ನನ್ನೂ ಕರೆದೊಯ್ದರು.

೨೫೬೬ರ ಜನವರಿ ಹದಿನೇಳು ಪ್ರಯಾಣದ ಕೊನೆಯ ದಿನ. ದಕ್ಷಿಣದ ಸಮುದ್ರ, ನಖೋನ್ ಸಿ ಥಮ್ಮರಾತ್‌ನ ಸ್ತೂಪ, ಈಶಾನ್ಯದ ಈಸಾನ್ ಬಯಲು ಎಲ್ಲವನ್ನೂ ಸುತ್ತಿ ನಮ್ಮ ಉತ್ತರದ ಲಾಂಪಾಂಗ್ ಪಟ್ಟಣ ದಾಟಿದ್ದೆವು. ಅಷ್ಟು ದಾರಿಯಲ್ಲಿ ಸಮ್ರಿತ್ ಒಂದು ಕೋಳಿಗೂ ಚಕ್ರ ಸೋಕಿಸಿರಲಿಲ್ಲ. ಧೂಳು ಹಿಡಿದ ಗಾಡಿಯಲ್ಲಿ ಮನೆ ಸೇರಬಾರದೆಂದು ರಸ್ತೆಬದಿಯಲ್ಲಿ ವ್ಯಾನನ್ನು ತೊಳೆಯಲು ಕೊಟ್ಟ. ನಾವು ಅಂಟನ್ನ, ಸುಟ್ಟ ಹಂದಿಮಾಂಸ ತಿಂದು ಮರಳುವಾಗ ವ್ಯಾನು ಥಳಥಳಿಸುತ್ತಿತ್ತು. ಹಿಂದಿನ ಗಾಜು ಖಾಲಿಯಾಗಿತ್ತು.

"ಡ್ರೈವರ್, ಇದು ಯಾರ ಗಾಡಿ?" ಎಂದಳು ಖಮ್‌ಪನ್.

"ನಮ್ದೇ ಅಮ್ಮ."

"ನಮ್ದು ಗುಲಾಬಿ. ಇದು ಬಿಳೀದು."

"ನೀರಿನ ರಭಸಕ್ಕೆ ಸ್ಟಿಕ್ಕರ್ ಕಿತ್ತೋಗಿದೆ ಅಷ್ಟೆ. ಮನೆ ಇಲ್ಲೇ, ಗುಡ್ಡ ದಾಟಿದ್ರೆ ಬಂತು."

"ಅವತ್ತು ಕೊಳಾನೂ ಇಲ್ಲೇ ಇತ್ತು," ಎಂದು ಆಕೆ ಮರದಡಿ ಚಾಪೆ ಹಾಸಿ ಕುಳಿತಳು.

"ಹಠ ಮಾಡ್ಬೇಡಮ್ಮ. ಸೀಟು ಅದೇ, ಗಾಡಿ ಅದೇ," ಎಂದಳು ಮಗಳು ಫಿಕುನ್.

"ನೀನು ಸುಮ್ನಿರೆ. ನೀರು ಕುಡಿದೋಳು ನಾನು."

ಎದುರಿನ ಅಂಗಡಿಯಲ್ಲಿ 'ಈ ವಾಹನ ಹಸಿರು', 'ಈ ವಾಹನ ಕಪ್ಪು' ಎಂಬವು ಮಾತ್ರ ಇದ್ದವು, ಗುಲಾಬಿ ಮುಗಿದುಹೋಗಿತ್ತು. ಸಮ್ರಿತ್ ತೊಳೆಯುವ ಕಟ್ಟೆಯ ಮೋರಿಗೆ ಕೈ ಹಾಕಿ ತಡಕಾಡಿದ. ಅಷ್ಟರಲ್ಲಿ ಬಿಸಿಲಿಗೆ ಮಲಗಿದ್ದ ಬಿಳಿ ನಾಯಿಯೊಂದು ಎದ್ದು ಮೈಮುರಿಯಿತು. ಅದರ ಪಕ್ಕೆಯ ಮೇಲೆ ಸ್ಪಷ್ಟ ಅಕ್ಷರಗಳಲ್ಲಿ 'ಈ ವಾಹನ ಗುಲಾಬಿ ಬಣ್ಣದ್ದು' ಎಂದಿತ್ತು.

ಒದ್ದೆ ಸ್ಟಿಕ್ಕರಿನ ಮೇಲೆ ಮಲಗಿ ಒಣಗಿದ್ದರಿಂದ ಅದು ಕೂದಲಿಗೆ ಬಲವಾಗಿ ಹತ್ತಿತ್ತು. ಎಳೆದರೆ ನಾಯಿ ಹಲ್ಲು ತೋರಿಸುತ್ತಿತ್ತು.

"ಅದು ಯಾರ್ದೂ ಅಲ್ಲಣ್ಣ," ಎಂದ ವ್ಯಾನು ತೊಳೆದವನು. "ನಾಯಿ ಸಮೇತ ತಗೊಂಡೋಗಿ. ನಂಗೆ ಅನ್ನ ಉಳಿಯುತ್ತೆ."

ಸಮ್ರಿತ್ ಅತ್ತೆಯ ಮುಂದೆ ಮಂಡಿಯೂರಿದ. "ಅಮ್ಮ, ಸ್ಟಿಕ್ಕರ್ ಗಾಡೀಲಿರ್ಬೇಕು ಅಂದ್ರು ಜೋಯಿಸ್ರು. ಗಾಜಿಗೇ ಅಂಟಿರ್ಬೇಕು ಅಂದ್ರಾ?"

ಆಕೆ ನನ್ನತ್ತ ತಿರುಗಿದಳು. "ಮೇಷ್ಟ್ರೇ, ಏನಂದ್ರು?"

ನಾನು ಚೆನ್ನಾಗಿ ನೆನಪು ಮಾಡಿಕೊಂಡು, ಗಾಜಿನ ಪ್ರಸ್ತಾಪ ಬಂದಿರಲಿಲ್ಲವೆಂದು ಸಾಕ್ಷಿ ನುಡಿದೆ. ಆಕೆ ನಾಯಿಯತ್ತ ಬೆರಳು ತೋರಿಸಿದಳು.

"ಹಂಗಾದ್ರೆ ಅದು ಹಿಂದ್ಗಡೆ ಕೂರ್ಲಿ. ಬರ್ದಿರೋ ಕಡೆ ರಸ್ತೆಗೆ ಕಾಣ್ಬೇಕು."

ಫಿಕುನ್ ನಾಯಿಯನ್ನು ಗಾಜಿಗೆ ಅಡ್ಡಲಾಗಿ ಹಿಡಿದು ಕುಳಿತಳು. ವ್ಯಾನು ಗುಲಾಬಿಯಾಗಿ ಹೊರಟಿತು. ಪ್ರತೂ ಫಾ ಕಣಿವೆಯ ದೇವರ ಗುಡಿಯೆದುರು ಎಲ್ಲ ಚಾಲಕರಂತೆ ಸಮ್ರಿತ್ ಮೂರು ಸಲ ಹಾರ್ನ್ ಒತ್ತಿದ. ನಾಯಿ ಮೂರು ಸಲ ಊಳಿಟ್ಟಿತು. "ನಿಮ್ಗಿಂತ ಅದಕ್ಕೇ ಭಕ್ತಿ ಜಾಸ್ತಿ," ಎಂದು ಖಮ್‌ಪನ್ ಕೈಮುಗಿದಳು.

ಮನೆಯ ಗೇಟಿನ ಬಳಿ ವೇಗ ತಗ್ಗಿದಾಗ ಅಂಗಳದ ಕೋಳಿಗಳು ಕಂಡವು. ನಾಯಿ ಫಿಕುನ್‌ಳ ಕೈ ಕೊಸರಿಕೊಂಡು ಪಕ್ಕದ ಕಿಟಕಿಯಿಂದ ಹಾರಿ ಅವುಗಳ ಬೆನ್ನಟ್ಟಿತು.

"ನಿಲ್ಸು," ಎಂದಳು ಖಮ್‌ಪನ್. "ಬೆಳ್ಳಗಾಯ್ತು."

ಸಮ್ರಿತ್ ಬ್ರೇಕ್ ಒತ್ತಿದ. ಮನೆಯ ಬಾಗಿಲು ಅಂಗಳದಾಚೆ ಕಾಣುತ್ತಿತ್ತು. ಫಿಕುನ್ ಬಾಯಿಗೆ ಸೆರಗಿನಂತೆ ಟವೆಲ್ಲು ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಸಮ್ರಿತ್ ಇಂಜಿನ್ ಆರಿಸಿ ಇಳಿದು, ಅತ್ತೆಯ ಕಡೆಯ ಬಾಗಿಲು ತೆಗೆದು, ಆಕೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತ.

"ಇದಕ್ಕೆ ಬಣ್ಣ ಇಲ್ಲ ಅಮ್ಮ. ಹತ್ತಿ."

ಖಮ್‌ಪನ್ ಆ ಬೆನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಅವನ ಕುತ್ತಿಗೆಯನ್ನು ಬಳಸಿಕೊಂಡಳು. ಅವನು ತೂಗಾಡುತ್ತ ಎದ್ದು ನಿಂತು ಹೆಜ್ಜೆಯಿಟ್ಟ.

"ನಿಧಾನ, ಮಗ," ಎಂದಳು. "ಎಡಗಡೆ ಕೊಳ ಇದೆ."