ವಾಷರಣ್ಣ ಕೇಳಿದ ಒಂದು ದಿನ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ವಾಷರಣ್ಣ ಎಂದು. ಗಿರಣಿಯ ಹೆಣ್ಣುಮಕ್ಕಳ ಹಾಸ್ಟೆಲಿನ ಪ್ಲಂಬರ್. ಯಾವ ನಲ್ಲಿ ಸೋರಿದರೂ "ವಾಷರ್ ಸವೆದಿದೆ" ಎನ್ನುವವನು, ಯಾರದಾದರೂ ಮನೆಯಲ್ಲಿ ಗಂಡ ಹೆಂಡತಿ ಕಿತ್ತಾಡಿದರೂ ಅದನ್ನೇ ಅನ್ನುತ್ತಿದ್ದ. ಯಾವ ಪೈಪು ಯಾವ ಗೋಡೆಯೊಳಗೆ ತಿರುಗಿದೆ ಎಂಬುದು ನಾಲ್ಕು ಮಹಡಿಗೂ ಅವನಿಗೆ ಬಾಯಿಪಾಠ. ಅವನ ಹೆಂಡತಿಯ ಅಕ್ಕನ ಮಗಳೂ ಅದೇ ಹಾಸ್ಟೆಲಿನಲ್ಲಿದ್ದಳು. ನೂಲು ವಿಭಾಗದವಳು, ಬಾಯಿ ಜೋರು.

ಪಾಳಿಯ ಹೊತ್ತು ತಗ್ಗಿಸಿ ಎಂದು ನಾವು ಧರಣಿ ಕೂತಾಗ ಮಾಲೀಕರು ಗಿರಣಿಗೂ ಹಾಸ್ಟೆಲಿಗೂ ಬೀಗ ಜಡಿದರು. ನಲವತ್ತೊಂದು ದಿನ ಗೇಟಿನೆದುರು ಟಾರ್ಪಾಲಿನ ಕೆಳಗೆ ಬಿದ್ದಿದ್ದೆವು. ನಾನು ಸಂಘದ ಕಾರ್ಯದರ್ಶಿ. ವಾಷರಣ್ಣನಿಗೆ ಘೋಷಣೆ ಕೂಗಲು ಬರುತ್ತಿರಲಿಲ್ಲ. ಕೊಡ ಹೊತ್ತು ಅಷ್ಟೂ ಜನಕ್ಕೆ ನೀರು ತರುತ್ತಿದ್ದ.

ನಲವತ್ತೆರಡನೇ ಬೆಳಿಗ್ಗೆ ಬೀಗ ತೆಗೆದರು. ಗೆದ್ದಿದ್ದೆವು. ಹಾರ, ಕೂಗು, ಕೇಕೆ. ವಾಷರಣ್ಣ ಎಲ್ಲರಿಗಿಂತ ಮೊದಲು ಹಾಸ್ಟೆಲಿನ ಒಳಹೊಕ್ಕು ಹೊರಬಂದವನೇ ಬಾಗಿಲಿಗೆ ಅಡ್ಡ ನಿಂತ. ಷವರ್ ಬಿಚ್ಚಿ ಪೈಪಿನೊಳಗೆ ಬೆರಳಿಟ್ಟಿದ್ದನಂತೆ. ಬೆರಳಿಗೆ ಸಿಂಬಳದಂಥ ಲೋಳೆ ಅಂಟಿತ್ತು.

"ಒಂದೇ ಒಂದು ದಿನ ಕೊಡಿ. ಇಷ್ಟು ದಿನ ನಿಂತ ನೀರು ಇದು. ಬಾಯ್ಲರ್ ಚೆನ್ನಾಗಿ ಕಾಯಿಸಿ, ಒಂದೊಂದು ನಲ್ಲೀನೂ ಬಿಟ್ಟು ಹರಿಸ್ಬೇಕು. ನಾಳೆ ಬನ್ನಿ."

"ನಾಳೆ ಅಷ್ಟೊತ್ತಿಗೆ ಅವರು ಮತ್ತೆ ಬೀಗ ಹಾಕಿರ್ತಾರೆ," ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ. "ನಮ್ಮನ್ನ ತಡೀ ಅಂತ ನಿಂಗೆ ಹೇಳಿಕೊಟ್ಟಿದ್ದು ಯಾರಯ್ಯಾ? ಮಾಲೀಕರಾ?"

ಜನ ಗೊಳ್ಳೆಂದು ನಕ್ಕರು. ನೂಲು ವಿಭಾಗದ ಆ ಹುಡುಗಿ ಮುಂದೆ ಬಂದು ಅವನ ತೋಳು ಹಿಡಿದು ಎಳೆದಳು. "ಬಿಡು ಚಿಕ್ಕಪ್ಪಾ, ಕೊಳೆ ನಿನ್ನ ಪೈಪಲ್ಲಲ್ಲ, ನಮ್ಮ ಮೈಮೇಲಿದೆ! ಮೊದ್ಲು ನಮ್ಮನ್ನ ತೊಳಿ!"

ಅವನು ಪಕ್ಕಕ್ಕೆ ಸರಿದ. ಎದುರಿಗೆ ಇನ್ನೂರು ಜನ, ಸರಿಯದೆ ಏನು ಮಾಡಿಯಾನು? ಬಾಯ್ಲರಿನ ಕಡೆ ಓಡಿದ. ಅಷ್ಟರಲ್ಲಿ ಮೇಲೆ ಷವರುಗಳು ಸುರಿಯುತ್ತಿದ್ದವು. ಉಗುರುಬೆಚ್ಚಗಿನ ನೀರಿನ ಕೆಳಗೆ ಹೆಣ್ಣುಮಕ್ಕಳು ಹಾಡುತ್ತ ನಿಂತಿದ್ದರು.

ಆರನೇ ದಿನಕ್ಕೆ ನಾಲ್ವರಿಗೆ ಜ್ವರ, ಕೆಮ್ಮು, ಏದುಸಿರು. ಪೈಪಿನ ಒಳಮೈಗೆ ಕಟ್ಟುವ ಲೋಳೆಯಲ್ಲೇ ಈ ಜ್ವರದ ರೋಗಾಣು ಬೆಳೆಯುತ್ತದೆ, ಷವರಿನ ಸಣ್ಣ ಹನಿಗಳ ಜೊತೆ ಉಸಿರಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಮೂವರು ಎದ್ದು ಕೂತರು. ವಾಷರಣ್ಣನ ಆ ಹುಡುಗಿ ಏಳಲಿಲ್ಲ.

ವಿಚಾರಣೆಗೆ ಅಧಿಕಾರಿ ಬಂದ. ಪ್ಲಂಬರ್ ತನ್ನ ಕೆಲಸ ಮಾಡಿಲ್ಲ ಎಂದು ಮಾಲೀಕರು ಬರೆದುಕೊಟ್ಟಿದ್ದರು.

"ನಾನು ಹೇಳಿದ್ದೆ ಸಾರ್, ಒಂದು ದಿನ ಕೇಳಿದ್ದೆ," ಎಂದ ವಾಷರಣ್ಣ.

ಅಧಿಕಾರಿ ನನ್ನ ಕಡೆ ತಿರುಗಿದ. "ಹೌದೇನ್ರೀ?"

"ಆ ಗದ್ದಲದಲ್ಲಿ ಯಾರು ಏನಂದ್ರೋ, ನೆನಪಿಲ್ಲ," ಎಂದೆ.

ನಕ್ಕ ಇನ್ನೂರು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಸಂಘ ಒಡೆಯುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸಂಘವೂ ಇಲ್ಲ, ಮಣ್ಣೂ ಇಲ್ಲ. ನನ್ನ ಮುಖ ಉಳಿಸಿಕೊಂಡೆ, ಅಷ್ಟೇ.

ಅವನ ಕೆಲಸ ಹೋಯಿತು. ಮಗಳನ್ನು ಕೊಂದವನ ಹೆಂಡತಿ ಎಂದು ಹುಡುಗಿಯ ತಾಯಿ ಒಡಹುಟ್ಟಿದ ತಂಗಿಗೇ ಬಾಗಿಲು ಹಾಕಿದಳು. ಅವನು ಬೀದಿ ಬೀದಿ ಅಲೆದು ರಿಪೇರಿ ಹಿಡಿದ. ಬಹಳ ದಿನ ಮುಚ್ಚಿದ್ದ ಮನೆಯಾದರೆ ನಲ್ಲಿಗಳನ್ನೆಲ್ಲ ತಿರುಗಿಸಿಟ್ಟು, ಮನೆಯವರನ್ನೂ ಹೊರಗೆ ನಿಲ್ಲಿಸಿ ಕಾಯುತ್ತಿದ್ದ. ನೀರು ದಂಡ ಮಾಡುವ ಹುಚ್ಚ ಎಂದು ಬೈಸಿಕೊಂಡ.

ಹನ್ನೊಂದು ವರ್ಷ ಬಿಟ್ಟು ಅವನನ್ನು ಹುಡುಕಿಕೊಂಡು ಹೋದೆ. ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು.

"ಅವತ್ತು ನಾನು ಸುಳ್ಳು ಹೇಳಿದೆ," ಎಂದೆ ಆ ಕಾಲುಗಳಿಗೆ.

"ಗೊತ್ತು. ನಾನೂ ಅಲ್ಲೇ ಇದ್ನಲ್ಲ." ಸ್ವಲ್ಪ ಹೊತ್ತು ಪೈಪು ತಿರುಪುವ ಸದ್ದು. "ನಂಗೆ ಹೇಳಿ ಏನಾಗ್ಬೇಕು? ನಮ್ಮ ಅತ್ತಿಗೆಗೆ ಹೋಗಿ ಹೇಳು. ಆ ಸ್ಪ್ಯಾನರ್ ಈ ಕಡೆ ತಳ್ಳು."

ಹೋದೆ. ಹುಡುಗಿಯ ತಾಯಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ನನ್ನ ತಂಗಿ ಎಷ್ಟು ಸಲ ಬಂದು ಬಾಗಿಲು ತಟ್ಟಿದ್ಲು, ಗೊತ್ತಾ ನಿಂಗೆ? ಒಂದಿನಾನೂ ತೆಗೀಲಿಲ್ಲ ನಾನು. ಹೋದ ವರ್ಷ ಸತ್ಲು. ಹೆಣ ನೋಡೋಕೂ ಹೋಗ್ಲಿಲ್ಲ." ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಹೋದ ವರ್ಷವಾದ್ರೂ ಬರೋಕೆ ನಿಂಗೇನಾಗಿತ್ತು?"

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ನಾನೂ ಎದ್ದೆ.

"ಅವನ ಮನೆ ನಂಗೆ ಗೊತ್ತು," ಎಂದಳು. "ನೀನು ಬರಬೇಡ."