ಬೀಳ್ಕೊಡುಗೆಯಾದ ಮೇಲೂ ಊರಲ್ಲೇ ಉಳಿದವನು

ತಪ್ಪು ನನ್ನದೇ. ವೀಸಾ ಕೈಗೆ ಬರುವ ಮೊದಲೇ ಬೀಳ್ಕೊಡುಗೆ ಮಾಡಿಸಿಕೊಂಡವನು ನಾನು. ಅಷ್ಟಕ್ಕೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಇನ್ನು ಈ ಮುಖಗಳನ್ನು ನೋಡಬೇಕಾಗಿಲ್ಲ ಎಂಬ ಧೈರ್ಯದಲ್ಲಿ, ಹೊದೆಸಿದ ಶಾಲು ಹೆಗಲ ಮೇಲಿರುವಾಗಲೇ, ಶಾಲೆಯ ಒಬ್ಬರನ್ನೂ ಬಿಡದೆ ಮಿಮಿಕ್ರಿ ಮಾಡಿ ತೋರಿಸಿದೆ.

ಯಲ್ಲಾಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಎಂ.ಎಸ್ಸಿ. ಆಗಿದೆ, ಬಿ.ಎಡ್. ಆಗಿದೆ, ಮೀಸೆ ಮಾತ್ರ ಇನ್ನೂ ಪೂರ್ತಿ ಆಗಿಲ್ಲ. ಇಂಗ್ಲೆಂಡಿನ ಯಾವುದೋ ಊರಿನ ಶಾಲೆಗೆ ಗಣಿತದವರು ಬೇಕೆಂದು ತಿಳಿದು ಅರ್ಜಿ ಹಾಕಿದ್ದೆ. ವಿಡಿಯೋದಲ್ಲಿ ಸಂದರ್ಶನ. ನನ್ನ ಬಾಡಿಗೆ ಕೋಣೆಯ ಕೆಳಗೆ ಹಿಟ್ಟಿನ ಗಿರಣಿ. ಗಿರಣಿಯವನು ನನಗಾಗಿ ಮಷಿನ್ ನಿಲ್ಲಿಸಿದ. ಬೀಸಲು ಬಂದವರೆಲ್ಲ ಚೀಲ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಇಂಗ್ಲಿಷ್ ಕೇಳಿಸಿಕೊಂಡರು. ಕೊನೆಗೆ ಆ ಕಡೆಯವರು ಅಭಿನಂದನೆ ಹೇಳಿದ್ದು ನನಗೆ ಕೇಳಿದಷ್ಟೇ ಸ್ಪಷ್ಟವಾಗಿ ಮೆಟ್ಟಿಲ ಬುಡದವರಿಗೂ ಕೇಳಿತು. ಊರಿಗೆ ಡಂಗುರ ಹೊಡೆಯುವ ಕೆಲಸ ನನಗೆ ಉಳಿಯಲಿಲ್ಲ.

ಖುಷಿಯಾಗಬೇಕಿತ್ತು. ಒಂದು ದಿನ ಆಯಿತು ಕೂಡ. ಆಮೇಲೆ ಪೊಲೀಸ್ ಪ್ರಮಾಣಪತ್ರ, ಅಂಕಪಟ್ಟಿಗಳಿಗೆ ಸೀಲು, ಆ ಸೀಲು ನಿಜವೆಂದು ಹೇಳುವ ಇನ್ನೊಂದು ಸೀಲು. ಖುಷಿ ಎಲ್ಲಿ ಬಿದ್ದುಹೋಯಿತೆಂದು ಹುಡುಕಲು ಪುರುಸೊತ್ತಾಗಲಿಲ್ಲ.

ನಮ್ಮ ಹೆಡ್‌ಮಾಸ್ತರರು ಕಲಘಟಗಿ ಕಡೆಯವರು. ಮಾತಿಗೆ ಮೊದಲು ಕನ್ನಡಕ ತೆಗೆದು ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದೇ ಮಾತಾಡುತ್ತಾರೆ. ಬೀಳ್ಕೊಡುಗೆಯ ದಿನ ನಾನೂ ಪಕ್ಕದವರ ಕನ್ನಡಕ ಇಸಿದುಕೊಂಡು ಒರೆಸಿದೆ. "ರಜಾ ಬೇಕೇನ್ರಿ? ತಗೋರಿ. ಯಾರ್ ಬ್ಯಾಡಂತಾರ? ಆದ್ರ ಸಾಲಿಗೆ ಬಂದು ತಗೋರಿ!" ಮಕ್ಕಳು ಬೆಂಚು ಬಡಿದರು. ಇಂಗ್ಲಿಷಿನ ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹೆಡ್‌ಮಾಸ್ತರರು ನಗಲಿಲ್ಲ, ಸಭೆಗೆ ತಕ್ಕಷ್ಟು ಚಪ್ಪಾಳೆ ತಟ್ಟಿದರು. ಅವರು ಆ ಮಾತನ್ನು ಎಂದೂ ಆಡಿದವರಲ್ಲ, ನಾನೇ ಕಟ್ಟಿದ್ದು. ಉಪ್ಪಿಲ್ಲದ ಅಡುಗೆ ಆದೀತು, ಸುಳ್ಳಿಲ್ಲದ ಮಿಮಿಕ್ರಿ ಆಗುವುದಿಲ್ಲ.

ಅಷ್ಟೆಲ್ಲ ನಗಿಸುವಾಗ ನನಗೇನೂ ಅನ್ನಿಸುತ್ತಿರಲಿಲ್ಲ. ಹತ್ತನೇ ತರಗತಿಯ ಹುಡುಗಿಯೊಬ್ಬಳು, "ತ್ರಿಕೋನಮಿತಿ ಯಾರು ಮುಗಿಸ್ತಾರೆ ಸರ್?" ಎಂದಳು. ಏನೋ ತಮಾಷೆಯ ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ. ಅವಳು ನಗಲಿಲ್ಲವೆಂಬುದು ನೆನಪಿದೆ.

ನನ್ನ ಹಲ್ಲುನೋವು ಗೊತ್ತಿದ್ದ ಸಿದ್ದಾಪುರದ ಅಕ್ಕ ಫೋನ್ ಮಾಡಿ, "ತಮಾ, ಅಲ್ಲಿ ಹಲ್ಲು ಕೀಳ್ಸದು ರಾಶಿ ತುಟ್ಟಿಯಡ. ಇಲ್ಲೇ ಕೀಳ್ಸ್ಕಂಡು ಹೋಗು" ಎಂದಳು. ಶಿರಸಿಗೆ ಹೋದೆ. ಡಾಕ್ಟರು ಬಾಯೊಳಗೆ ಲೈಟು ಬಿಟ್ಟು, ಬುದ್ಧಿಹಲ್ಲನ್ನೇ ಆರಿಸಿ ಕಿತ್ತರು. ಹತ್ತಿ ಕಚ್ಚಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಮೊಬೈಲಿಗೆ ಇಂಗ್ಲೆಂಡಿನ ಶಾಲೆಯ ಮೇಲ್ ಬಂತು. ಮಕ್ಕಳ ಸಂಖ್ಯೆ ಕಡಿಮೆಯಾಗಿ ಈ ವರ್ಷ ಆ ಹುದ್ದೆಯೇ ಇಲ್ಲ. ಮುಂದಿನ ವರ್ಷ ದಯವಿಟ್ಟು ಮತ್ತೆ ಅರ್ಜಿ ಹಾಕಿ. ತುಂಬ ಸಭ್ಯವಾಗಿ ಬರೆದಿದ್ದರು. ಓದಿ, ಕೆನ್ನೆ ಮುಟ್ಟಿಕೊಂಡೆ. ಪಕ್ಕದಲ್ಲಿ ಕೂತವನ ಕೆನ್ನೆ ಮುಟ್ಟಿದಂತಾಯಿತು. ಬಸ್ಸು ಬಂತು, ಹತ್ತಿದೆ.

ಅಕ್ಕನ ಮನೆಯಲ್ಲಿ ಹೊರಡುವವನಿಗೆಂದು ಪಾಯಸ ಮಾಡಿದ್ದರು.

"ಎಂತ ಆತೋ? ಮಾತೇ ಇಲ್ಲೆ!"

ಮೊಬೈಲ್ ಅವಳ ಕೈಗೆ ಕೊಟ್ಟೆ. ಅವಳು ಓದಿದಳು, ಇನ್ನೊಮ್ಮೆ ಓದಿದಳು, ವಾಪಸು ಕೊಟ್ಟಳು.

"ಬ್ಯಾಡ ಅಂದ್ರೆ ಬಿಡ್ಲಿ ಅತ್ಲಾಗೆ. ಪಾಯಸ ತಣಿಲಿ, ಬಿಸಿದು ತಿಂಬಲಾಗ ನೀನು."

ಇಂಜೆಕ್ಷನ್ನಿನ ಜೋಮು ಸಂಜೆಗೆ ಇಳಿಯಿತು. ಉಳಿದದ್ದು ಇಳಿಯಲಿಲ್ಲ.

ಬೀಳ್ಕೊಡುಗೆಯಾದವನು ಮತ್ತೆ ಊರಲ್ಲಿ ಓಡಾಡುವುದೆಂದರೆ, ಶ್ರಾದ್ಧದ ಊಟಕ್ಕೆ ಸತ್ತವನೇ ಬಂದು ಎಲೆಯ ಮುಂದೆ ಕೂತಂತೆ. ಚಹಾ ಕುಡಿಯಲು ಕಲಘಟಗಿ ದಾರಿಯ ಕಿರವತ್ತಿಯ ಧಾಬಾಕ್ಕೆ ಹೋಗತೊಡಗಿದೆ. ಅಲ್ಲಿನ ಲಾರಿಯವರಿಗೆ ನನ್ನ ಸುದ್ದಿ ಬೇಕಿರಲಿಲ್ಲ. ಗಿರಣಿಯವನಿಗೆ ಬೇಕಿತ್ತು. "ಮಾಸ್ತರೇ, ವಿಮಾನ ಯಾವಾಗ?" ಎಂದು ದಿನವೂ ಕೇಳುವನು. "ಹವಾಮಾನದ ಕಾರಣ ವಿಳಂಬ" ಎಂದು ನಾನು ಗಗನಸಖಿಯ ದನಿಯಲ್ಲಿ ಹೇಳುವೆ. ಅವನು ನಗುವನು. ನನ್ನ ಮುಖವೂ ನಗುತ್ತಿದ್ದಿರಬೇಕು.

ನನ್ನ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವೆಂದು ಹೇಳಿದವನೂ ಅವನೇ. ಹತ್ತನೆಯವರ ಗಣಿತದ ತಾಸಿನಲ್ಲಿ ಇಂಗ್ಲಿಷಿನ ಅಕ್ಕೋರು ಕೂತು ಶುದ್ಧಬರಹ ಬರೆಸುತ್ತಿದ್ದಾರಂತೆ. ಕೆಲಸ ಮರಳಿ ಕೇಳದೆ ಬೇರೆ ದಾರಿ ಇರಲಿಲ್ಲ. ಕೇಳಬೇಕಾದದ್ದು ಮಾತ್ರ ಆ ಕನ್ನಡಕದವರನ್ನು. ಶಾಲನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟೆ. ಹೋಗದವನು ಅದನ್ನು ವಾಪಸು ಕೊಡಬೇಕೋ ಬೇಡವೋ, ಯಾರನ್ನು ಕೇಳುವುದು?

"ಬರ್ರಿ ಬರ್ರಿ, ಕುಂದರ್ರಿ" ಎಂದರು ಹೆಡ್‌ಮಾಸ್ತರರು. "ಲಂಡನ್ನಿಂದ ಯಾವಾಗ ಬಂದ್ರಿ?"

"ಹೋಗೇ ಇಲ್ಲ ಸರ್."

"ಗೊತ್ತೈತಿ. ಕಿರವತ್ತಿ ಧಾಬಾದಾಗ ಚಾ ಕುಡಿಯಾಕತ್ತಿದ್ರಿ. ಬಸ್ಸಿನಾಗಿಂದ ನೋಡೀನಿ."

ಎಲ್ಲ ಹೇಳಿದೆ. ಯಾರ ದನಿಯನ್ನೂ ತೆಗೆಯದೆ, ಹಾಜರಿ ಕರೆದಂತೆ ಹೇಳಿದೆ. ಮುಂದಿನ ವರ್ಷ ಇಂಗ್ಲೆಂಡಿನವರು ಕರೆದರೆ ಮತ್ತೆ ಹೋಗಬೇಕಾದೀತು ಎಂಬುದನ್ನೂ ಸೇರಿಸಿದೆ. ಅದನ್ನು ಸೇರಿಸುವ ಅಗತ್ಯವಿರಲಿಲ್ಲ. ಆಮೇಲೆ ಚೀಲದಿಂದ ಶಾಲು ತೆಗೆದು ಮೇಜಿನ ಮೇಲಿಟ್ಟೆ.

ಅವರು ಶಾಲನ್ನು ನೋಡಿದರು.

"ಅವತ್ತ ನೀವು ಮಾಡಿ ತೋರ್ಸಿದ್ರಲ್ಲ, ಆ ಮಾತು ನಾ ಯಾವಾಗ ಅಂದಿದ್ನಿ?"

"ನೀವು ಅಂದಿಲ್ಲ ಸರ್."

"ಹುಡುಗ್ರು ಈಗ ದಿನಾ ಅಂತಾವ್ರೀ. ರಜಾ ಚೀಟಿ ಮೇಜಿನ ಮ್ಯಾಲಿಟ್ಟು, ನಾ ಯಾವಾಗ ಅಂತೀನಿ ಅಂತ ನನ್ನ ಬಾಯೇ ನೋಡ್ಕೋತ ನಿಂದರತಾವ."

ಹೊರಗೆ ತಾಸಿನ ಗಂಟೆ ಹೊಡೆಯಿತು. ಹತ್ತನೆಯವರ ಗದ್ದಲ ಗೋಡೆಯಾಚೆ ಕೇಳುತ್ತಿತ್ತು. ಹೆಡ್‌ಮಾಸ್ತರರು ಕನ್ನಡಕ ತೆಗೆದರು. ನನ್ನ ಶಾಲಿನ ತುದಿ ಎಳೆದುಕೊಂಡು ಅದರಲ್ಲೇ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಇಂಗ್ಲೆಂಡಿಗೆ ಹೋಗ್ಬೇಕೇನ್ರಿ? ಹೋಗ್ರಿ. ಯಾರ್ ಬ್ಯಾಡಂತಾರ? ಆದ್ರ ದಿನಾ ಸಾಲಿಗೆ ಬಂದು ಹೋಗ್ರಿ."