ಕೌಸರ ಕೇಳಿದ ಮೂರನೆಯ ಟೆಸ್ಟ್

ರೋಣದ ಬಜಾರದ ಬಳೆಗಾರ್ತಿ ಕೌಸರಳಿಂದ ತೊಡಿಸಿಕೊಂಡರೆ ಬಳೆ ಒಡೆಯುವುದಿಲ್ಲ ಎಂಬ ಹೆಸರು ಸುತ್ತಲ ಹಳ್ಳಿಗಳಲ್ಲೆಲ್ಲ ಇತ್ತು. ಅದರಲ್ಲಿ ಮಾಟ ಮಂತ್ರವೇನಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರು ಕೂತು, ಮುಂಗೈ ಹಿಡಿದು, ಅತ್ತೆಯ ಸುದ್ದಿ, ತವರಿನ ಸುದ್ದಿ ತೆಗೆದು ನಗಿಸುತ್ತಿದ್ದಳು. ನಕ್ಕಾಗ ಕೈ ಸಡಿಲಾಗುತ್ತದೆ, ಬಳೆ ತಾನಾಗಿ ಜಾರುತ್ತದೆ. ಬಾಯಿ ಮುಚ್ಚಿಸಿದರೆ ಈಕೆಗೆ ಕೆಲಸವೇ ಬರುವುದಿಲ್ಲ ಎಂದು ಪಕ್ಕದ ಅಂಗಡಿಯವಳಾದ ನಾನು ಛೇಡಿಸುತ್ತಿದ್ದೆ.

ಕೊರೋನಾದ ಎರಡನೆಯ ಅಲೆಯ ಹೊತ್ತಿಗೆ ಯಾವಗಲ್ಲು ಎಂಬ ಹಳ್ಳಿಯ ಉಡಚವ್ವನ ಸೊಸೆ ರೇಣುಕವ್ವ ಚೊಚ್ಚಲ ಬಸುರಿ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಗರ್ಭ. ಕುಬಸದ, ಅಂದರೆ ಸೀಮಂತದ ದಿನ ಬಸುರಿಯ ಕೈಯಲ್ಲಿ ಹಸಿರು ಬಳೆ ಒಡೆದರೆ ಅಪಶಕುನವೆಂದು ಅತ್ತೆಗೆ ಭಯ, ಹಾಗಾಗಿ ಕೌಸರಳೇ ಬೇಕೆಂದು ಹೇಳಿ ಕಳಿಸಿದಳು. ಅದೇ ವಾರ ಕೌಸರಳ ಮೈ ಬಿಸಿಯಾಯಿತು, ಗಂಟಲು ಕೆರೆಯಿತು. ಬಸುರಿಯ ಹತ್ತಿರ ಹೋಗುವ ಕೆಲಸವೆಂದು ಯಾರೂ ಹೇಳದೆ ತಾನೇ ದವಾಖಾನೆಗೆ ಹೋದಳು.

ಅಲ್ಲಿ ಪರೀಕ್ಷೆ ಮಾಡುವ ಉಮಾ ಮೂಗಿಗೆ ಕಡ್ಡಿ ಹಾಕಿ ತೆಗೆದು, ಸ್ವಲ್ಪ ಹೊತ್ತು ಕೂರಿಸಿ, ರ‍್ಯಾಪಿಡ್ ಟೆಸ್ಟಿನ ಪಟ್ಟಿ ತೋರಿಸಿದಳು. ಒಂದೇ ಗೆರೆ ಮೂಡಿತ್ತು.

“ನೆಗೆಟಿವ್ ಐತ್ರಿ ಚಾಚಿ. ಆದ್ರ ಇದನ್ನ ಪೂರಾ ನಂಬಬ್ಯಾಡ್ರಿ. ರೋಗ ಇದ್ರೂ ಒಮ್ಮೊಮ್ಮೆ ಇದು ಹಿಡಿಯಂಗಿಲ್ಲ. ಇನ್ನೊಂದು ಕಡ್ಡಿ ಗದಗದ ಲ್ಯಾಬಿಗೆ ಕಳಸ್ತೀನಿ. ಅದರ ರಿಪೋರ್ಟ ಬರೂಮಟ ಮನಿ ಬಿಟ್ಟು ಹೋಗಬ್ಯಾಡ್ರಿ.”

ಕೌಸರ ಮನೆಯಲ್ಲೇ ಇದ್ದಳು. ಜ್ವರ ಇಳಿಯಿತು, ರಿಪೋರ್ಟು ಮಾತ್ರ ಬರಲಿಲ್ಲ. ಕುಬಸದ ದಿನ ಬೆಳಿಗ್ಗೆ ಉಡಚವ್ವನ ಫೋನು ಬಂತು.

“ಗದಗದ್ದು ಇನ್ನೂ ಬಂದಿಲ್ರಿ ಅಮ್ಮಾರ,” ಎಂದಳು ಕೌಸರ.

“ಇಲ್ಲೀದು ಬಂದೈತಲ್ಲ, ನೀನ ಕಣ್ಣಾರೆ ನೋಡೀಯಲ್ಲ. ಗದಗದವರು ಬ್ಯಾರೇ ಏನ್ ಹೇಳ್ತಾರ? ಲಗೂ ಬಾರವಾ, ಹುಡುಗಿ ಹಾದಿ ನೋಡಾಕತ್ತಾಳ.”

ಕಣ್ಣೆದುರು ಕಂಡ ಗೆರೆಯೇ ದೊಡ್ಡದಾಯಿತು, ದೂರದ ಊರಿಗೆ ಹೋದ ಕಡ್ಡಿ ಮರೆತೇ ಹೋಯಿತು. ನನ್ನನ್ನು ಕೇಳಿದ್ದರೆ ನಾನೂ ಹೋಗು ಎಂದೇ ಹೇಳುತ್ತಿದ್ದೆ.

ಮಾಸ್ಕು ಹಾಕಿಕೊಂಡೇ ಹೋದಳು. ರೇಣುಕವ್ವನ ಕೈ ಬಾತಿತ್ತು. ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡು, ಹುಡುಗಿ ನೋವಿಗೆ ಕೈ ಬಿಗಿ ಮಾಡಿದಳು. ಮಾಸ್ಕಿನೊಳಗಿಂದ ಆಡಿದ ಮಾತು ಆಕೆಗೆ ಕೇಳಲೇ ಇಲ್ಲ. ಆಗ ಕೌಸರ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮುಖ ಹತ್ತಿರ ತಂದು, ಹುಡುಗಿಯ ಗಂಡ ಕಳಕೇಶನ ಬಗ್ಗೆ ಏನೋ ಚಾಷ್ಟಿ ಮಾಡಿದಳು. ರೇಣುಕವ್ವ ಬಿದ್ದು ಬಿದ್ದು ನಕ್ಕಳು. ಎರಡೂ ಕೈ ತುಂಬಿದವು, ಒಂದು ಬಳೆಯೂ ಒಡೆಯಲಿಲ್ಲ.

ಮರುದಿನ ಮೊಬೈಲಿಗೆ ಲ್ಯಾಬಿನ ಸಂದೇಶ ಬಂತು. ಪಾಸಿಟಿವ್. ಕೌಸರ ಆಗಿಂದಾಗಲೇ ಯಾವಗಲ್ಲಿಗೆ ಫೋನು ಮಾಡಿದಳು. ವಾರ ತುಂಬುವುದರೊಳಗೆ ರೇಣುಕವ್ವನಿಗೆ ಜ್ವರ ಹತ್ತಿತು. ಗದಗಕ್ಕೆ ಒಯ್ದು ಆಕ್ಸಿಜನ್ ಹಚ್ಚಿದರು. ತಾಯಿಯೂ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ.

ಉಡಚವ್ವ ಬಂದು ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಬಂದಳು, ಕೌಸರಳ ಹೊಸ್ತಿಲ ಮೇಲೆ ಕೂತಳು.

“ಕರದಾಕಿ ನಾನು. ಓಣಿ ಮಂದೀನೂ ಬಂದಿತ್ತು. ನಿನ್ನಿಂದನ ಬಂತು ಅಂತ ಹ್ಯಾಂಗ ಹೇಳೂದು?”

ಬೈದಿದ್ದರೆ ಕೌಸರ ಅತ್ತಾದರೂ ಹಗುರಾಗುತ್ತಿದ್ದಳು. ಆ ಪ್ರಶ್ನೆ ಆಕೆಯನ್ನು ತಿಂದುಹಾಕಿತು. ಅಂಗಡಿ ತೆರೆಯಲಿಲ್ಲ, ಊಟ ಬಿಟ್ಟಳು. ನಾನು ಹೇಳಿದ ಯಾವ ಮಾತೂ ಆಕೆಯ ಕಿವಿಗೆ ಬೀಳಲಿಲ್ಲ. ಒಂದು ದಿನ ನನ್ನನ್ನೂ ಕರೆದುಕೊಂಡು ದವಾಖಾನೆಗೆ ಹೋಗಿ ಉಮಾಳ ಎದುರು ನಿಂತಳು.

“ರೋಗ ಐತೋ ಇಲ್ಲೋ ಅಂತ ನೋಡಾಕ ಎರಡು ಟೆಸ್ಟ್ ಅದಾವಲ್ಲವಾ. ಆ ಹುಡುಗಿಗೆ ಯಾರಿಂದ ಬಂತು ಅಂತ ನೋಡೂ ಟೆಸ್ಟ್ ಒಂದು ಮಾಡು. ಎಷ್ಟು ದಿನ ಆದ್ರೂ ಕಾಯ್ತೀನಿ. ಈ ಸಲ ಮನಿ ಬಿಟ್ಟು ಹೋಗಂಗಿಲ್ಲ.”

ಉಮಾ ತಲೆ ತಗ್ಗಿಸಿದಳು. “ಅಂಥಾದ್ದು ನಮ್ಮಲ್ಲಿ ಇಲ್ರಿ ಚಾಚಿ.”

“ಗದಗಕ್ಕ ಕಳಸು,” ಎಂದಳು ಕೌಸರ. ಕುರ್ಚಿಯ ಮೇಲೆ ಕೂತು, ಮಾಸ್ಕು ಇಳಿಸಿ, ಕಡ್ಡಿ ಹಾಕಲೆಂದು ಮುಖ ಎತ್ತಿ ಹಿಡಿದಳು.